ಆರನೆಯ ಗಾಳ

ಮೊನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನ ಕೈ ತಗುಲಿ ಇಂಗಿನ ಡಬ್ಬಿ ಮುಗುಚಿಕೊಂಡಿತು. ಪಕ್ಕದಲ್ಲೇ ಕಲಸಿಟ್ಟಿದ್ದ ಚಪಾತಿ ಹಿಟ್ಟಿನ ಮೇಲೆ ಅರ್ಧ ಡಬ್ಬಿ ಸುರಿದುಹೋಯಿತು. ಹೆಂಡತಿ ಬೈದಳು, ಬೈಯಬೇಕಾದದ್ದೇ. ನಾನು ಮಾತ್ರ ಆ ಹಿಟ್ಟನ್ನು ಎಸೆಯಲು ಬಿಡದೆ ಎರಡು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತೆ. ಹಸಿ ಗೋಧಿ ಹಿಟ್ಟು, ಅದರ ಮೇಲೆ ಇಂಗಿನ ಘಾಟು. ಈ ಎರಡೂ ಸೇರಿದ ವಾಸನೆ ಮೂಗಿಗೆ ಬಿದ್ದು ಎಷ್ಟು ವರ್ಷಗಳಾಗಿದ್ದವೋ... ಇದು ಮನುಷ್ಯರು ತಿನ್ನುವ ಹಿಟ್ಟಲ್ಲ, ಗಾಳಕ್ಕೆ ಸಿಕ್ಕಿಸಿ ಮೀನಿಗೆ ಒಡ್ಡುವ ಹಿಟ್ಟು. ಇದನ್ನು ಕಲಸುವುದನ್ನು ನನಗೆ ಕಲಿಸಿದವರು ಶಂಕರಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು, ಕಾಂಪೌಂಡರ್ ಸಾರ್.

ಅವರು ಕಾಂಪೌಂಡರ್ ಆಗಿರಲೇ ಇಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ದೊಡ್ಡ ಆಸ್ಪತ್ರೆಯ ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ ಆಪರೇಷನ್ ಥಿಯೇಟರಿನ ಸಹಾಯಕರಾಗಿದ್ದು ನಿವೃತ್ತರಾದವರು. ನಾಲ್ಕಾಣೆ ನುಂಗಿದ ಮಕ್ಕಳು, ಗುಂಡುಸೂಜಿ ನುಂಗಿದ ಟೈಲರುಗಳು, ನಿದ್ದೆಯಲ್ಲಿ ಹಲ್ಲಿನ ಸೆಟ್ಟನ್ನೇ ನುಂಗಿದ ಮುದುಕರು... ಇವರೆಲ್ಲರ ಗಂಟಲಿಗೆ ಡಾಕ್ಟರು ಇಳಿಸುವ ಸಾಮಾನುಗಳನ್ನು ಮೂವತ್ತು ವರ್ಷ ಎತ್ತಿ ಕೊಟ್ಟವರು. ನಮ್ಮ ಬೀದಿಯವರಿಗೆ ಆಸ್ಪತ್ರೆಯಲ್ಲಿ ಡಾಕ್ಟರಲ್ಲದ ಗಂಡಸರೆಲ್ಲ ಕಾಂಪೌಂಡರೇ. ಅವರೂ ಅದನ್ನು ತಿದ್ದಲು ಹೋಗಿರಲಿಲ್ಲ.

ತೊಂಬತ್ತರ ದಶಕದ ನಡುಭಾಗ ಅದು. ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮದುವೆಯಾಗದ ಗಂಡಸಿಗೆ ಆ ಕಡೆ ಯಾರೂ ಮನೆ ಕೊಡುತ್ತಿರಲಿಲ್ಲ. ಅವರ ಮಹಡಿಯ ಮೇಲಿನ ರೂಮು ಕೇಳಲು ಹೋದಾಗ ನನ್ನನ್ನು ಸಂದರ್ಶನ ಮಾಡಿದ್ದು ಅವರಲ್ಲ, ಅವರ ಹೆಂಡತಿ. ಬಳೇಪೇಟೆಯ ವ್ಯಾಪಾರಸ್ಥರ ಮನೆಯ ಮಗಳು ಆಕೆ. ಹಣೆಯ ಮೇಲೆ ವಿಭೂತಿ, ಲಿಂಗಪೂಜೆ ಆಗದೆ ಒಂದು ಹನಿ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ನಾನು ಮೊದಲ ದಿನದಿಂದ ಅವರನ್ನು ಅಮ್ಮ ಎಂದೇ ಕರೆದೆ.

"ಸಿಗರೇಟು ಗಿಗರೇಟು ಸೇದ್ತೀಯೇನಪ್ಪಾ? ಮೊಟ್ಟೆ, ಮೀನು ಇಂಥವೆಲ್ಲ ಮನೆ ಒಳಗೆ ತರೋ ಹಾಗಿಲ್ಲ, ನೋಡು," ಎಂದಿದ್ದರು.

ನಾನು ಕೈಮುಗಿಯುವುದೊಂದು ಬಾಕಿ, ಅಷ್ಟು ವಿನಯದಿಂದ ಇಲ್ಲಮ್ಮ ಇಲ್ಲಮ್ಮ ಎಂದು ತಲೆಯಾಡಿಸಿದೆ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಸಾರ್ ಪೇಪರಿನ ಹಿಂದೆ ಮುಖ ಮರೆಸಿಕೊಂಡಿದ್ದರು. ಆಮೇಲೆ ತಿಂಗಳೊಪ್ಪತ್ತಿನಲ್ಲಿ ನನಗೆ ಗೊತ್ತಾಯಿತು, ಆ ಮನೆಯ ಯಜಮಾನರು ಪ್ರತಿ ಭಾನುವಾರ ಸ್ಕೂಟರಿನಲ್ಲಿ ಊರಾಚೆಯ ಕೆರೆಗೆ ಹೋಗಿ ಮೀನು ಹಿಡಿಯುತ್ತಾರೆ!

ಹಿಡಿಯುತ್ತಿದ್ದರು ಅಷ್ಟೆ, ತರುತ್ತಿರಲಿಲ್ಲ. ತಿನ್ನುವ ಮಾತಂತೂ ಇಲ್ಲವೇ ಇಲ್ಲ. ಅವರ ಜೊತೆ ಕೆಲಸ ಮಾಡಿದ ಹಿರಿಯ ಸರ್ಜನ್ ಒಬ್ಬರಿಗೆ ಗಾಳದ ಹುಚ್ಚಿತ್ತಂತೆ. ಭಾನುವಾರ ತಮ್ಮ ಜೊತೆಗೆಂದು ಇವರನ್ನು ಕರೆದುಕೊಂಡು ಹೋಗಿ ಹೋಗಿ ಇವರಿಗೂ ಹಚ್ಚಿಬಿಟ್ಟರು. ಅವರು ಕೆಲಸ ಬಿಟ್ಟು ಹೋಗುವಾಗ ತಮ್ಮ ಕೋಲನ್ನು ಇವರ ಕೈಗೆ ಕೊಟ್ಟು ಹೋದರು. ಮೂರು ತುಂಡಾಗಿ ಬಿಚ್ಚಿಡಬಹುದಾದ ಆ ಕೋಲು ಒಂದು ಹಳೇ ಛತ್ರಿಯ ಚೀಲದಲ್ಲಿ ಓಡಾಡುತ್ತಿತ್ತು. ಗಂಡ ಗೆಳೆಯರ ತೋಟಕ್ಕೆ ಹೋಗುತ್ತಾರೆ ಎಂದು ಅಮ್ಮ ಅಕ್ಕಪಕ್ಕದವರಿಗೆ ಹೇಳಿದ್ದರು. ಬೇಸಿಗೆಯಲ್ಲೂ ಛತ್ರಿ ಹೊತ್ತು ತೋಟಕ್ಕೆ ಹೋಗುವ ಆ ಗಂಡನ ಬಗ್ಗೆ ಅಕ್ಕಪಕ್ಕದವರು ಏನೆಂದುಕೊಂಡಿದ್ದರೋ ಗೊತ್ತಿಲ್ಲ.

ಎರಡನೇ ತಿಂಗಳಲ್ಲೇ ನಾನೂ ಆ ಸ್ಕೂಟರಿನ ಹಿಂದಿನ ಸೀಟು ಹತ್ತಿದೆ. ಭಾನುವಾರ ರೂಮಿನಲ್ಲಿ ಒಬ್ಬನೇ ಕೂತು ಮಾಡುವುದಾದರೂ ಏನಿತ್ತು? ಕನಕಪುರದ ರಸ್ತೆಯಲ್ಲಿ ಊರು ಮುಗಿದ ಮೇಲೆ ಎಡಕ್ಕೆ ತಿರುಗಿದರೆ ಒಂದು ಕೆರೆ ಇತ್ತು. ಈಗ ಅಲ್ಲಿ ಊರು ಮುಗಿಯುವುದೇ ಇಲ್ಲ, ಕೆರೆ ಉಳಿದಿದೆಯೋ ಇಲ್ಲವೋ ನೋಡಲು ನಾನು ಹೋಗಿಲ್ಲ. ಏರಿಯ ಮೇಲೆ ಹೊಂಗೆ ಮರದ ನೆರಳಲ್ಲಿ ಕೂತು, ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡನ್ನೇ ನೋಡುತ್ತಾ ಅವರು ಆಸ್ಪತ್ರೆಯ ಕಥೆಗಳನ್ನು ಹೇಳುತ್ತಿದ್ದರು. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ಮನುಷ್ಯ ಅಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಬೆಂಡು ಮುಳುಗಿದಾಗಲೂ ಕಥೆ ನಿಲ್ಲಿಸದೆ ಒಂದು ಕೈಯಲ್ಲಿ ಕೋಲು ಎತ್ತುತ್ತಿದ್ದರು.

ಅವರಿಗೆ ನಿಜವಾದ ಸಂತೋಷ ಮೀನು ಹಿಡಿಯುವುದರಲ್ಲಿ ಇರಲಿಲ್ಲ, ಅದರ ಬಾಯಿಂದ ಗಾಳ ತೆಗೆಯುವುದರಲ್ಲಿತ್ತು. ಆಗ ಮಾತ್ರ ಮಾತು ನಿಲ್ಲುತ್ತಿತ್ತು. ಮೊದಲು ಕೈಯನ್ನು ನೀರಿನಲ್ಲಿ ಅದ್ದಿಕೊಳ್ಳಬೇಕು, ಒಣಗಿದ ಕೈಯಲ್ಲಿ ಮುಟ್ಟಿದರೆ ಮೀನಿನ ಮೈಮೇಲಿನ ಲೋಳೆ ಹೋಗಿ ಆಮೇಲೆ ಅಲ್ಲಿ ಹುಣ್ಣಾಗುತ್ತದೆ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಹಿಡಿಯಬೇಕು, ಹಿಸುಕಬಾರದು. ಕಿವಿರಿನ ಒಳಗಿನ ಕೆಂಪು ಎಳೆಗಳನ್ನು ಮುಟ್ಟಲೇಬಾರದು. ಮೀನು ನೀರಿನಿಂದ ಹೊರಬಂದ ಕ್ಷಣದಿಂದ ನಾವೂ ಉಸಿರು ಕಟ್ಟಿಕೊಳ್ಳಬೇಕು. ನಮಗೆ ತಡೆಯಲಾಗುವುದಿಲ್ಲ ಅನ್ನಿಸಿದಾಗ ಮೀನಿಗೂ ತಡೆಯಲಾಗುತ್ತಿಲ್ಲ ಎಂದರ್ಥ, ಕೆಲಸ ಆಗಿರಲಿ ಬಿಡಲಿ ಅದನ್ನು ನೀರಿಗೆ ಇಳಿಸಬೇಕು. ಆಸ್ಪತ್ರೆಯಿಂದ ಬಂದ ಉದ್ದನೆಯ, ತುದಿ ಬಾಗಿದ, ಚಿಮುಟದಂಥ ಒಂದು ಫೋರ್ಸೆಪ್ಸ್ ಅವರ ಹತ್ತಿರ ಇತ್ತು. ಅದು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಗಾಳ ಅದರ ತುದಿಯಲ್ಲಿರುತ್ತಿತ್ತು.

ನಾನೊಮ್ಮೆ ಕೇಳಿದೆ, "ಅಲ್ಲಾ ಸಾರ್, ನೀವೇ ಚುಚ್ತೀರಾ, ನೀವೇ ತೆಗೀತೀರಾ. ಇದೆಂಥಾ ವ್ಯಾಪಾರ?"

"ರಿಟೈರ್ ಆದ್ಮೇಲೆ ಪೇಶೆಂಟು ಎಲ್ಲಿ ಸಿಗ್ತಾರೆ ಕಣಯ್ಯಾ," ಎಂದು ನಕ್ಕಿದ್ದರು.

ಅವರಿಗೆ ಎರಡು ಕಟ್ಟುನಿಟ್ಟಿನ ಕ್ರಮಗಳಿದ್ದವು. ಗಾಳದ ತುದಿಯ ಒಳಬದಿಯಲ್ಲಿ ಹಿಂದಕ್ಕೆ ಬಾಗಿದ ಒಂದು ಪುಟ್ಟ ಮುಳ್ಳಿರುತ್ತದೆ, ಚುಚ್ಚಿಕೊಂಡದ್ದು ಕಳಚದಂತೆ ಹಿಡಿಯುವುದು ಅದೇ. ಅಂಗಡಿಯಿಂದ ತಂದ ಹೊಸ ಗಾಳಗಳನ್ನು ಅವರು ಮನೆಯ ಜಗಲಿಯಲ್ಲಿ ಕೂತು, ಇಕ್ಕಳದಿಂದ ಒತ್ತಿ, ಆ ಮುಳ್ಳನ್ನು ಚಪ್ಪಟೆ ಮಾಡುತ್ತಿದ್ದರು. ಇದರಿಂದ ಅರ್ಧ ಮೀನುಗಳು ತಪ್ಪಿಸಿಕೊಂಡು ಹೋಗುತ್ತಿದ್ದವು. ಹೋದರೆ ಹೋಗಲಿ ಎನ್ನುತ್ತಿದ್ದರು. ಇನ್ನೊಂದು ಕ್ರಮ ಎಣಿಕೆ. ಮಾತ್ರೆಯ ಡಬ್ಬಿಯೊಂದರಲ್ಲಿ ಆರು ಗಾಳ ಹಾಕಿಕೊಂಡು ಹೋದರೆ ವಾಪಸ್ಸು ಹೊರಡುವ ಮುಂಚೆ ಆರನ್ನೂ ಎಣಿಸಿ ಡಬ್ಬಿಗೆ ಹಾಕಬೇಕು. ಆಪರೇಷನ್ ಮುಗಿದ ಮೇಲೆ ಸೂಜಿ, ಹತ್ತಿ, ಬಟ್ಟೆಗಳನ್ನೆಲ್ಲ ಎಣಿಸದೆ ಹೊಲಿಗೆ ಹಾಕುವ ಹಾಗಿಲ್ಲವಂತೆ. ಲೆಕ್ಕಕ್ಕೆ ಬಾರದ ಒಂದೇ ಒಂದು ಸೂಜಿ ಎಲ್ಲಿರುತ್ತದೆ ಎಂದು ಕೇಳಿ, ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿದ್ದರು.

ಅಮ್ಮನಿಗೂ ಒಂದು ಷರತ್ತಿತ್ತು. ಗಂಡನ ಈ ಚಟವನ್ನು ಅವರು ಒಪ್ಪಿರಲಿಲ್ಲ, ಸಹಿಸಿಕೊಂಡಿದ್ದರು. ಭಾನುವಾರ ಉಳಿದ ಹಿಟ್ಟಿನ ಉಂಡೆಗಳನ್ನು ಎಸೆಯಬಾರದು, ಸ್ಟೀಲ್ ಡಬ್ಬಿಯಲ್ಲಿ ವಾಪಸ್ಸು ತರಬೇಕು. ಸೋಮವಾರ ಬೆಳಿಗ್ಗೆ ಅವರು ಅದನ್ನು ಕಡಲೆಪುರಿಯ ಜೊತೆ ಈಶ್ವರನ ಗುಡಿಯ ಹಿಂದಿನ ಕಲ್ಯಾಣಿಗೆ ಒಯ್ದು ಮೀನುಗಳಿಗೆ ಹಾಕುತ್ತಿದ್ದರು. ಕೆರೆಯ ಮೀನಿಗೆ ಗಂಡ ಕೊಟ್ಟ ನೋವಿಗೆ ಕಲ್ಯಾಣಿಯ ಮೀನಿಗೆ ಇವರು ಊಟ ಹಾಕಿ ಸರಿಮಾಡುವುದು. ಇದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ. ಮೀನಿಗೊಡ್ಡಿದ ಹಿಟ್ಟು ಕೈಗಂಟಬಾರದೆಂದು ಅವರು ಉಂಡೆಗಳನ್ನು ಮುಟ್ಟದೆ ಡಬ್ಬಿಯನ್ನೇ ನೀರಿನ ಮೇಲೆ ಬಗ್ಗಿಸಿ ಸುರಿಯುತ್ತಿದ್ದರು. ಆ ಕಲ್ಯಾಣಿಯಲ್ಲಿ ಎಲ್ಲಕ್ಕಿಂತ ದೊಡ್ಡದೊಂದು ಕಾಟ್ಲಾ ಮೀನಿತ್ತು, ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ಹೆಚ್ಚೇ ಇದ್ದೀತು. ಬೀದಿಯವರೆಲ್ಲ ಅದನ್ನು ಯಜಮಾನ ಎನ್ನುತ್ತಿದ್ದರು. ತಮ್ಮ ಮಗಳು ಎದೆಯ ಕಾಯಿಲೆಯಿಂದ ಉಳಿದ ವರ್ಷ ಹೊತ್ತ ಹರಕೆಯಂತೆ ಅಮ್ಮ ಹದಿನೈದು ವರ್ಷಗಳಿಂದ ಸೋಮವಾರ ತಪ್ಪಿಸಿರಲಿಲ್ಲ. ಯಜಮಾನ ಬಂದು ಪುರಿ ತಿಂದರೆ ಅವರ ವಾರ ಚೆನ್ನಾಗಿರುತ್ತಿತ್ತು. ಬಾರದಿದ್ದರೆ ಮಗಳಿಗೆ ಫೋನ್ ಮಾಡಿ ಹುಷಾರಾಗಿದ್ದೀಯಾ ಎಂದು ಕೇಳುತ್ತಿದ್ದರು.

ಆ ಭಾನುವಾರ ನಾವು ಇನ್ನೇನು ಹೊರಡಬೇಕು, ಮಳೆ ಬಂತು. ನನ್ನ ದಾರ ಗಂಟು ಬಿದ್ದಿತ್ತು. ಬಿಡಿಸುವ ತಾಳ್ಮೆ ನನಗೆಲ್ಲಿಯದು? ಗೇಣುದ್ದ ಬಿಟ್ಟು ಕತ್ತರಿಸಿದೆ. ಗಾಳ ಇನ್ನೂ ಹಿಟ್ಟಿನ ಉಂಡೆಯ ಒಳಗೇ ಇತ್ತು. ಮನೆಗೆ ಹೋಗಿ ಬಿಡಿಸಿದರಾಯಿತು ಎಂದು ಆ ಉಂಡೆಯನ್ನು ಹಾಗೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಸಾರ್ ಆಚೆ ಮರದ ಬುಡದಲ್ಲಿ ಕೋಲು ಬಿಚ್ಚುತ್ತಿದ್ದರು. ಅಲ್ಲಿಂದಲೇ ಕೂಗಿದರು.

"ಎಣಿಸಿದ್ಯೇನಯ್ಯಾ?"

"ಎಣಿಸ್ದೆ ಸಾರ್. ಆರೂ ಇದೆ."

ಎಣಿಸಿರಲಿಲ್ಲ. ಬೇರೆ ದಿನವಾಗಿದ್ದರೆ ಅವರು ಡಬ್ಬಿ ತೆಗೆದು ತಾವೇ ನೋಡುತ್ತಿದ್ದರು. ಆ ಮಳೆಯಲ್ಲಿ, ಇನ್ನೊಬ್ಬರ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನನ್ನ ಮಾತನ್ನು ನಂಬಿ ಸ್ಕೂಟರ್ ಒದ್ದರು. ನೆಂದು ತೊಪ್ಪೆಯಾಗಿ ಮನೆಗೆ ಬಂದು, ಅಮ್ಮ ಕೊಟ್ಟ ಬಿಸಿ ಮೆಣಸಿನ ಸಾರು ಕುಡಿದು, ನಾನು ಮಹಡಿ ಹತ್ತಿ ಮಲಗಿಬಿಟ್ಟೆ. ಗಾಳ ಮರೆತೇಹೋಯಿತು.

ಮಾರನೆಯ ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ನಾನು ಪ್ರೆಸ್ಸಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದೆ. ಅಮ್ಮ ಗೇಟು ತೆರೆದಿಟ್ಟೇ ಒಳಗೆ ಓಡಿಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ರೀ, ಯಾರೋ ಪಾಪಿಗಳು ಕಲ್ಯಾಣೀಲಿ ಗಾಳ ಹಾಕಿದಾರೆ ಕಣ್ರೀ. ಯಜಮಾನನ ಬಾಯಲ್ಲಿ ದಾರ ನೇತಾಡ್ತಿದೆ. ಮೇಲೆ ಬಂದು ಹೊರಳಾಡ್ತಿದೆ. ನಿಮಗೆ ತೆಗಿಯಕ್ಕೆ ಬರತ್ತಲ್ಲ, ಬನ್ನಿ ಬೇಗ."

ಸಾರ್ ಕಪಾಟಿನಿಂದ ಮಾತ್ರೆಯ ಡಬ್ಬಿ ತೆಗೆದು ಅಂಗೈ ಮೇಲೆ ಸುರಿದುಕೊಂಡರು. ಐದಿತ್ತು. ತಲೆಯೆತ್ತಿ ಮೆಟ್ಟಿಲ ಮೇಲಿದ್ದ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು... ಇದ್ದದ್ದು ಬರೀ ಪ್ರಶ್ನೆ. ನನ್ನ ಮುಖ ನೋಡಿದ ಮೇಲೆ ಅದೂ ಉಳಿಯಲಿಲ್ಲ. ಫೋರ್ಸೆಪ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು, "ನೀನೂ ಬಾ, ಹಿಡ್ಕೊಳ್ಳೋಕೆ ಒಬ್ರು ಬೇಕು," ಎಂದರು.

ಗುಡಿಗೆ ನಾಲ್ಕು ನಿಮಿಷದ ದಾರಿ. ಅಮ್ಮ ಮುಂದೆ ಮುಂದೆ ನಡೆಯುತ್ತಾ ಗಾಳ ಹಾಕಿದವರ ಕೈಗೆ ಹುಳ ಬೀಳಲಿ ಎಂದು ಶಪಿಸುತ್ತಿದ್ದರು. ನಾನು ಪ್ರೆಸ್ಸಿಗೆ ಹೊರಟಿದ್ದ ಬ್ಯಾಗನ್ನು ಹಿಡಿದುಕೊಂಡೇ ನಡೆದೆ. ಆಗಲೇ ಹೇಳಬಹುದಿತ್ತು. ಮೀನು ಮೊದಲು ಉಳಿಯಲಿ, ಆಮೇಲೆ ಹೇಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅರ್ಚಕರು ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತಿದ್ದರು. ದೇವರ ಮೀನನ್ನು ನೀರಿನಿಂದ ಹೊರಗೆ ತರುವ ಹಾಗಿಲ್ಲ ಎಂದುಬಿಟ್ಟರು. ಸಾರ್ ವಾದಿಸಲಿಲ್ಲ. "ತರಲ್ಲ ಸ್ವಾಮಿ, ನಾವೇ ಒಳಗೆ ಇಳೀತೀವಿ. ಒಂದು ಹಳೇ ಪಂಚೆ ಇದ್ರೆ ಕೊಡಿ," ಎಂದರು. ಪಂಚೆಯನ್ನು ನೀರಿನಲ್ಲಿ ಮುಳುಗಿಸಿ, ಸೊಂಟದವರೆಗೆ ನೀರಿದ್ದ ಮೆಟ್ಟಿಲಲ್ಲಿ ನಾನೊಂದು ತುದಿ, ಅವರೊಂದು ತುದಿ ಹಿಡಿದು ನಿಂತೆವು. ಅಮ್ಮ ದಡದಿಂದ ಪುರಿ ಎರಚುತ್ತಾ, ಬಾರೋ ಬಾರೋ ಎಂದು ಮಗುವನ್ನು ಕರೆದಂತೆ ಕರೆದರು. ಸಣ್ಣ ಮೀನುಗಳೆಲ್ಲ ನುಗ್ಗಿದವು. ಯಜಮಾನ ಬಹಳ ಹೊತ್ತು ಬರಲಿಲ್ಲ. ಆಮೇಲೆ ಓರೆಯಾಗಿ, ಅರ್ಧ ಮಗ್ಗುಲು ಮೇಲೆ ಮಾಡಿಕೊಂಡು ತೇಲುತ್ತಾ ನಮ್ಮ ಪಂಚೆಯ ಮೇಲಕ್ಕೆ ಬಂತು. ಪುರಿಯ ಆಸೆಗೆ ಬಂದಂತೆ ಕಾಣಲಿಲ್ಲ, ಅಭ್ಯಾಸದಿಂದ ಬಂದಿರಬೇಕು.

ಅದರ ಬಾಯಿಂದ ಗೇಣುದ್ದದ ನೈಲಾನ್ ದಾರ ಇಳಿಬಿದ್ದಿತ್ತು. ನಾನು ಕತ್ತರಿಸಿದ ದಾರ.

ನಾನು ಪಂಚೆಯ ಸಮೇತ ಎರಡು ಕೈಯಲ್ಲಿ ಅದರ ಹೊಟ್ಟೆಯನ್ನು ಹಿಡಿದೆ. ತಲೆ ಮಾತ್ರ ನೀರಿನ ಮೇಲಕ್ಕೆ. ಸಾರ್ ಬಾಯಗಲಿಸಿ ನೋಡಿದರು. ಗಾಳ ಕಾಣುತ್ತಿರಲಿಲ್ಲ, ದಾರ ಗಂಟಲಿನ ಕತ್ತಲೆಯೊಳಗೆ ಇಳಿದುಹೋಗಿತ್ತು. ನನಗೆ ತಿಳಿಯದೆ ನನ್ನ ಬೆರಳು ದಾರದ ಕಡೆ ಹೋಯಿತು.

"ಎಳೀಬೇಡ!" ಎಂದರು. ಅವರು ಗಟ್ಟಿಯಾಗಿ ಮಾತಾಡಿದ್ದು ಅಷ್ಟೇ. ಆಮೇಲೆ ಮೆಲ್ಲಗೆ, "ಎಳದ್ರೆ ಒಳಗಿಂದೆಲ್ಲ ಕಿತ್ಕೊಂಡ್ ಬರತ್ತೆ. ರಕ್ತ ಬಂದ್ರೆ ದಾರ ಕತ್ತರಿಸಿ ಗಾಳ ಒಳಗೇ ಬಿಡಬೇಕು, ಅದೇ ತುಕ್ಕು ಹಿಡಿದು ಹೋಗತ್ತೆ. ಉಸಿರು ಕಟ್ಟು," ಎಂದರು.

ಮೊದಲ ಸಲ ಬಾಯಿಯ ಮೂಲಕ ಫೋರ್ಸೆಪ್ಸ್ ಇಳಿಸಿದರು. ಸಿಗಲಿಲ್ಲ. ನನ್ನ ಉಸಿರು ಮುಗಿಯಿತು, ತಲೆಯನ್ನು ನೀರಿಗೆ ಇಳಿಸಿದೆ. ಎರಡನೆಯ ಸಲ ಗಾಳದ ಬೆನ್ನು ತುದಿಗೆ ತಾಗಿತು, ಜಾರಿತು. ಮತ್ತೆ ನೀರು. ಮೀನು ನನ್ನ ಕೈಯಲ್ಲಿ ಒದ್ದಾಡುವುದನ್ನು ನಿಲ್ಲಿಸಿತ್ತು. ಒದ್ದಾಡಿದರೆ ಹಿಡಿಯುವುದು ಕಷ್ಟ, ಒದ್ದಾಡದಿದ್ದರೆ ಹೆದರಿಕೆ. ದಡದಲ್ಲಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಈ ಮೀನು ಸತ್ತರೆ ಅವರಿಗೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಸಾರಿಗೂ ಗೊತ್ತಿತ್ತು, ಅವರ ಹಣೆಯಿಂದ ಬೆವರು ನೀರಿಗೆ ಬೀಳುತ್ತಿತ್ತು.

ಮೂರನೆಯ ಸಲ ಅವರು ಬಾಯಿಯ ಕಡೆ ಹೋಗಲಿಲ್ಲ. ಕೆನ್ನೆಯ ಪಕ್ಕದ ಕಿವಿರಿನ ಮುಚ್ಚಳವನ್ನು ಎಡಗೈಯ ಒಂದೇ ಬೆರಳಿನಿಂದ ಎತ್ತಿದರು, ಹಳೇ ಪುಸ್ತಕದ ಹಾಳೆ ಎತ್ತಿದಷ್ಟು ಹಗುರವಾಗಿ. ಒಳಗೆ ರಕ್ತಗೆಂಪು ಎಳೆಗಳು. ಅವುಗಳ ಹಿಂದಿನ ಸಂದಿಯಿಂದ, ಯಾವುದಕ್ಕೂ ತಾಗದಂತೆ, ಫೋರ್ಸೆಪ್ಸನ್ನು ಗಂಟಲಿನ ಪಕ್ಕಕ್ಕೆ ಇಳಿಸಿದರು. ಅದರ ತುದಿ ಎಲ್ಲಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡರು. ಗಾಳದ ಬಾಗಿದ ಜಾಗವನ್ನು ಕಚ್ಚಿ ಹಿಡಿದು, ಎಳೆಯದೆ, ತಲೆಕೆಳಗಾಗಿ ಹೊರಳಿಸಿದರು. ಚುಚ್ಚಿದ ದಾರಿಯಲ್ಲೇ ಅದರ ಮೊನೆ ಹಿಂದಕ್ಕೆ ಸರಿದು ಬಂದಿರಬೇಕು, ದಾರ ಇದ್ದಕ್ಕಿದ್ದಂತೆ ಸಡಿಲವಾಯಿತು. ಅಲ್ಲಿಂದ ಫೋರ್ಸೆಪ್ಸನ್ನು ಬಿಡಿಸಿ ತೆಗೆದು, ಬಾಯಿಯ ಮೂಲಕ ಮತ್ತೆ ಇಳಿಸಿ, ಗಾಳವನ್ನು ಎತ್ತಿಕೊಂಡರು. ರಕ್ತ ಒಂದು ಹನಿಯೂ ಬರಲಿಲ್ಲ. ನಾನು ಉಸಿರು ಬಿಟ್ಟೆ.

ಸಾರ್ ಮೀನನ್ನು ತಕ್ಷಣ ಬಿಡಲಿಲ್ಲ. ಪಂಚೆ ಸರಿಸಿ, ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಕಿವಿರು ತಾನಾಗಿ ಆಡುವವರೆಗೂ ಕಾದರು. ಕಾಲು ಗಂಟೆ ಆಗಿರಬಹುದು. ಕೊನೆಗೆ ಬಾಲ ಒಮ್ಮೆ ಬೀಸಿ, ಅವರ ಕೈಯಿಂದ ಜಾರಿ ಆಳಕ್ಕೆ ಹೋಯಿತು. ಅರ್ಚಕರು ಹರಹರ ಎಂದರು. ನಾನು ಅಲ್ಲೇ ನೀರಿನಲ್ಲಿ ನಿಂತು ಅಳುತ್ತಿದ್ದೆ. ಮೈಯೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸಾರ್ ಮೆಟ್ಟಿಲು ಹತ್ತಿ ಬಂದಾಗ ಅಮ್ಮ ಕೈ ಚಾಚಿದರು. "ಕೊಡಿ ಇಲ್ಲಿ, ಯಾರ್ದು ಅಂತ ಇಡೀ ಬೀದೀನ ಕೇಳ್ತೀನಿ." ಸಾರ್ ಒಂದು ಕ್ಷಣ ತಡೆದು ಗಾಳವನ್ನು ಅವರ ಅಂಗೈ ಮೇಲಿಟ್ಟರು. ಅಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಗಂಡ ಜಗಲಿಯಲ್ಲಿ ಕೂತು ಒತ್ತಿದ ಗಾಳಗಳನ್ನು ಎಷ್ಟೋ ವರ್ಷಗಳಿಂದ ಗುಡಿಸುವಾಗ ಹೆಕ್ಕಿ ಕೊಟ್ಟವರು ಅವರೇ. ಮುಳ್ಳು ಚಪ್ಪಟೆಯಾಗಿತ್ತು.

"ಇದು ನಮ್ಮನೇದು," ಎಂದರು. ಆಮೇಲೆ ಕಾಲಬಳಿ ಇದ್ದ ಸ್ಟೀಲ್ ಡಬ್ಬಿಯ ಕಡೆ ನೋಡಿದರು. "ನಾನೇ ಹಾಕಿದ್ನಾ..."

ನಾನು ಬಾಯಿ ತೆರೆದೆ. ನಿಜವಾಗಿ ತೆರೆದೆ. ಆದರೆ ನನ್ನ ದನಿ ಹೊರಡುವ ಮುಂಚೆ ಸಾರ್ ಮಾತಾಡಿಯಾಗಿತ್ತು. "ಮಳೆ ಬಂತು ನಿನ್ನೆ. ನಾನು ಎಣಿಸಲಿಲ್ಲ. ನಂದೇ ತಪ್ಪು."

ಅಮ್ಮ ಬೈಯಲಿಲ್ಲ. ಒದ್ದೆ ಮೆಟ್ಟಿಲ ಮೇಲೆ ಕುಸಿದು ಕೂತರು. ಹದಿನೈದು ವರ್ಷದ ಸೋಮವಾರಗಳು ತಮ್ಮ ಕೈಯಿಂದಲೇ ಹಾಳಾದವು ಎನ್ನುವ ಹಾಗೆ ಆ ಕೈಯನ್ನೇ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಗುಡಿಯ ಕಡೆ ಕೈ ತೋರಿಸಿ, "ಇನ್ನು ಗಾಳ ಮುಟ್ಟಲ್ಲ ಅಂತ ಹೇಳಿ," ಎಂದರು. ಸಾರ್ ಹೇಳಿದರು. ಒದ್ದೆ ಬಟ್ಟೆಯಲ್ಲಿ, ಕೈಮುಗಿದುಕೊಂಡು, ಒಂದು ಮಾತೂ ಹೆಚ್ಚುಕಡಿಮೆ ಮಾಡದೆ ಹೇಳಿದರು. ನಾನು ನೋಡುತ್ತಾ ನಿಂತಿದ್ದೆ.

ಯಜಮಾನ ಉಳಿಯಿತು. ಎರಡು ವಾರ ಪುರಿಯ ಹತ್ತಿರ ಬರಲಿಲ್ಲ, ಮೂರನೆಯ ಸೋಮವಾರ ಬಂತು. ಅಮ್ಮ ಅವತ್ತು ಬೀದಿಗೆಲ್ಲ ಸಜ್ಜಿಗೆ ಹಂಚಿದರು. ನನಗೂ ಒಂದು ತಟ್ಟೆ ಮಹಡಿಗೆ ಬಂತು.

ಸಾರ್ ಭಾನುವಾರಗಳನ್ನು ಜಗಲಿಯಲ್ಲಿ ಕಳೆಯತೊಡಗಿದರು. ಪೇಪರನ್ನು ಮೂರು ಸಲ ಓದುತ್ತಿದ್ದರು, ಜಾಹೀರಾತುಗಳ ಸಮೇತ. ಅಮ್ಮನ ಜೊತೆ ಗಾಂಧಿ ಬಜಾರಿಗೆ ತರಕಾರಿ ಚೀಲ ಹಿಡಿದು ಹೋಗುತ್ತಿದ್ದರು. ಕೆಲವು ಸಲ ಕೂತಲ್ಲೇ ಅವರ ಬಲಗೈ ಏನನ್ನೋ ಮೆಲ್ಲಗೆ ಹೊರಳಿಸುತ್ತಿರುವಂತೆ ಆಡುತ್ತಿತ್ತು... ಅಥವಾ ಅದು ನನಗೆ ಮಾತ್ರ ಹಾಗೆ ಕಾಣುತ್ತಿತ್ತೇನೋ. ಆಸ್ಪತ್ರೆಯ ಕಥೆಗಳು ನಿಂತುಹೋದವು. ಅವು ಕೆರೆಯ ಏರಿಯ ಮೇಲೆ ಮಾತ್ರ ಬರುವ ಕಥೆಗಳಾಗಿದ್ದವು.

ಒಂದು ಭಾನುವಾರ ನೋಡಲಾಗದೆ ಹತ್ತಿರ ಹೋಗಿ, "ಸಾರ್, ಅಮ್ಮನಿಗೆ ನಾನು ಹೇಳ್ಬಿಡ್ತೀನಿ," ಎಂದೆ.

ಪೇಪರ್ ಮಡಿಸಿದರು. "ಥಿಯೇಟರ್‌ನಲ್ಲಿ ಎಣಿಕೆ ತಪ್ಪಿದ್ರೆ ಎಣಿಸಿದೋನ್ನ ಕೇಳಲ್ಲ ಕಣಯ್ಯಾ, ಟೇಬಲ್ ಯಾರ್ದೋ ಅವರನ್ನ ಕೇಳ್ತಾರೆ. ಟೇಬಲ್ ನಂದು." ಆಮೇಲೆ ಸೇರಿಸಿದರು, "ಅಲ್ದೆ ಅವಳು ನಿನ್ನ ಮನೆ ಬಿಡಿಸ್ತಾಳೆ. ಗಾಳಾನೂ ಹೋಯ್ತು, ನೀನೂ ಹೋದ್ರೆ ನಾನು ಯಾರ ಹತ್ರ ಕೂತ್ಕೊಳ್ಲಿ?"

ನನಗೆ ಬೇಕಾದದ್ದೂ ಅದೇ ಆಗಿತ್ತು, ಯಾರಾದರೂ ಬೇಡ ಎನ್ನುವುದು. ಅವರ ಮೇಲಿನ ಪ್ರೀತಿಯಿಂದ ಸುಮ್ಮನಿದ್ದೇನೆ ಎಂದು ಎಷ್ಟೋ ವರ್ಷ ನಂಬಿದ್ದೆ. ಸುಳ್ಳು. ಹೇಡಿತನಕ್ಕೆ ಅವರು ಒಂದು ಒಳ್ಳೆಯ ಕಾರಣ ಕೊಟ್ಟರು, ನಾನು ತೆಗೆದುಕೊಂಡೆ.

ಆಮೇಲೆ ನನಗೆ ಮದುವೆಯಾಯಿತು, ಹನುಮಂತನಗರಕ್ಕೆ ಮನೆ ಬದಲಾಯಿಸಿದೆ. ಕಲ್ಯಾಣಿಯ ಆ ಬೆಳಿಗ್ಗೆಯಿಂದ ಏಳು ವರ್ಷ ಸಾರ್ ಬದುಕಿದ್ದರು. ಹೃದಯದ ತೊಂದರೆ, ಎರಡೇ ದಿನ ಆಸ್ಪತ್ರೆಯಲ್ಲಿದ್ದರು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಅಮ್ಮ ನೆಂಟರಿಗೆಲ್ಲ ಆ ಕಥೆ ಹೇಳುತ್ತಿದ್ದರು. "ನನ್ನ ಕೈಲಿ ಬಿಡಿಸೋಕಾಗದ ಚಟಾನ ಒಂದು ಮೀನು ಬಿಡಿಸ್ತು, ಆಮೇಲೆ ಒಂದು ಭಾನುವಾರಾನೂ ನನ್ನ ಬಿಟ್ಟು ಹೋಗಲಿಲ್ಲ," ಎನ್ನುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ನನ್ನ ಎಲೆಯ ಮುಂದೆ ಬಂದು ಇನ್ನೊಂದು ಹೋಳಿಗೆ ಹಾಕಿದರು. ನಾನು ಅದನ್ನು ತಿಂದೆ.

ಇಷ್ಟನ್ನೂ ಆ ಹಿಟ್ಟಿನ ಮುಂದೆ ನಿಂತು ನೆನಪು ಮಾಡಿಕೊಂಡೆ. ಸ್ನಾನ ಮುಗಿಸಿ ಬಸ್ಸು ಹತ್ತಿ ಮಲ್ಲೇಶ್ವರಕ್ಕೆ ಹೋದೆ. ಅಮ್ಮ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜು, ಕಿವಿ ಚೆನ್ನಾಗಿದೆ, ನೆನಪು ನನಗಿಂತ ಚೆನ್ನಾಗಿದೆ. ಮಗಳು ಕೆಲಸಕ್ಕೆ ಹೋಗಿದ್ದಳು. ಅವರ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿಬಿಟ್ಟೆ. ಎಣಿಸದೆ ಎಣಿಸಿದೆ ಎಂದದ್ದು ನಾನು, ಉಂಡೆಯಲ್ಲಿ ಗಾಳ ಬಿಟ್ಟವನು ನಾನು, ಸಾರ್ ತಮ್ಮ ಮೇಲೆ ಹಾಕಿಕೊಂಡರು, ನಾನು ಹಾಕಿಕೊಳ್ಳಲು ಬಿಟ್ಟೆ. ಮನೆಯಿಂದ ಆಚೆ ಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿ ಎಂದೂ ಆಸೆಯಿತ್ತು.

ಅಮ್ಮ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಿದ್ದರು.

"ಹಾಗಾದ್ರೆ ಏಳು ವರ್ಷ ಅವರನ್ನ ಸುಮ್‌ಸುಮ್ನೆ ಮನೇಲಿ ಕೂರಿಸ್ಬಿಟ್ನಲ್ಲಪ್ಪಾ ನಾನು," ಎಂದರು.

ಹೇಳಿದರೆ ನನ್ನ ಎದೆ ಹಗುರವಾಗುತ್ತದೆ ಎಂದು ಬಂದಿದ್ದೆ. ಹಗುರವಾಗಲಿಲ್ಲ, ಆ ಭಾರ ಎಂಬತ್ತು ದಾಟಿದ ಈ ಜೀವದ ಮೇಲೂ ಬಿತ್ತು, ಅಷ್ಟೆ. ಸಾರ್ ಇದನ್ನು ಮೊದಲೇ ಲೆಕ್ಕ ಹಾಕಿದ್ದರೋ ಏನೋ... ಕೇಳಲು ಅವರಿಲ್ಲ. ಅಮ್ಮ ನನ್ನ ಕಡೆ ತಿರುಗಿದರು. ಕಣ್ಣು ನನ್ನ ಮುಖವನ್ನು ಹುಡುಕುತ್ತಿತ್ತು.

"ನಾನು ಒಂದ್ಸಲಾನೂ ಜೊತೆಗೆ ಹೋಗಿ ನೋಡಲಿಲ್ಲ. ಕೆರೆ ಹತ್ರ ಅವರು ಖುಷಿಯಾಗಿ ಇರ್ತಿದ್ರೇನಪ್ಪಾ?"

ಅಷ್ಟೇನೂ ಇಲ್ಲಮ್ಮ ಎಂದುಬಿಡಬಹುದಿತ್ತು. ಎನ್ನಬೇಕಿತ್ತೋ ಏನೋ. ಅವರ ಹತ್ತಿರ ಇನ್ನೊಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಹೌದಮ್ಮ," ಎಂದೆ. "ತುಂಬಾ ಖುಷಿಯಾಗಿ ಇರ್ತಿದ್ರು."